ಎಚ್‌ಐವಿ ಇದ್ದವರಿಗೆ ಸುಪ್ತ ಟಿಬಿ ಪರೀಕ್ಷೆ: ಮೊದಲು ನಾಲ್ಕು ಪ್ರಶ್ನೆ, ಆಮೇಲೆ ಸೂಜಿ

"ಎಲ್ಲಾ ಇಳಿದು ಹೋತ್ರಿ ಸರ, ಈಗ ಏನೂ ಇಲ್ಲ ನೋಡ್ರಿ" ಅಂತ ಆ ಅಕ್ಕ ಮುಂಗೈ ಚಾಚಿದಾಗ ಟಿಬಿ ಚರ್ಮದ ಟೆಸ್ಟಿನ ಸೂಜಿ ಚುಚ್ಚಿ ಆರು ದಿನ ಆಗಿತ್ತು. ಕುಷ್ಟಗಿ ಕಡೆಯ ಹಳ್ಳಿಯವರು. ಮೂರನೇ ದಿನ ಬಂದು ತೋರಿಸಬೇಕಿತ್ತು. ಆದರೆ ಆವತ್ತು ಕೊಪ್ಪಳದಲ್ಲಿ ಗವಿಮಠದ ಜಾತ್ರೆ. ಬಸ್ಸಿನಲ್ಲಿ ಕಾಲಿಡೋಕೂ ಜಾಗ ಇರಲಿಲ್ಲವಂತೆ. ಗುರುತು ಇಳಿದರೆ ಒಳ್ಳೆಯದೇ ಅಲ್ವಾ ಅನ್ನೋದು ಅವರ ಲೆಕ್ಕ. ನಾನು ಸುಮ್ನೆ ಅವರ ಕೈಯನ್ನೇ ನೋಡಿದೆ. ಆ ಕೈಯಲ್ಲಿ ಓದೋಕೆ ಏನೂ ಉಳಿದಿರಲಿಲ್ಲ. ಪಾಸಿಟಿವ್ ಅಂತಲೂ ಹೇಳೋ ಹಾಗಿಲ್ಲ, ನೆಗೆಟಿವ್ ಅಂತಲೂ ಹೇಳೋ ಹಾಗಿಲ್ಲ. ಇನ್ನೊಂದು ಕೈಗೆ ಮತ್ತೆ ಚುಚ್ಚಬೇಕು, ಮತ್ತೆ ಎರಡು ಸಲ ಬಸ್ ಚಾರ್ಜು.

ನಾನು ಲ್ಯಾಬ್ ಟೆಕ್ನಿಷಿಯನ್. ಇಂಥ ಕೈಗಳನ್ನು ತುಂಬಾ ನೋಡಿದ್ದೇನೆ. ಎಚ್‌ಐವಿ ಇರುವವರು, ಅವರ ಮನೆಯವರು, ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಬರುವ ಗೆಳೆಯರು, ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ಅದಕ್ಕೆ ಒಂದೇ ಕಡೆ ಬರೆದಿಡೋಣ ಅಂದುಕೊಂಡೆ. ಡಾಕ್ಟರ್ ಹೇಳಿದ್ದರ ಬದಲಿಗೆ ಇದನ್ನು ಓದಬೇಡಿ, ಅವರು ಹೇಳಿದ್ದು ಅರ್ಥ ಆಗೋಕೆ ಓದಿ.

ಸುಪ್ತ ಟಿಬಿ ಅಂದ್ರೆ ಏನು ಅಂತ ಬೇಗ ಹೇಳಿ ಮುಗಿಸುತ್ತೇನೆ

ಟಿಬಿ ರೋಗಾಣು ಮೈಯೊಳಗೆ ಇದೆ, ಆದರೆ ಮಲಗಿದೆ. ಕೆಮ್ಮಿಲ್ಲ, ಜ್ವರ ಇಲ್ಲ, ಬೇರೆಯವರಿಗೆ ಹರಡೋದೂ ಇಲ್ಲ. ಕಫದಲ್ಲಿ ಹುಡುಕಿದರೆ ಸಿಗೋದಿಲ್ಲ. ಇದೇನು ಅಪರೂಪದ ಸಂಗತಿ ಅಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಟಿಬಿ ಸಮೀಕ್ಷೆಯಲ್ಲಿ 15 ವರ್ಷ ದಾಟಿದವರ ರಕ್ತ ಪರೀಕ್ಷೆ ಮಾಡಿದಾಗ ನೂರಕ್ಕೆ ಸುಮಾರು 31 ಜನರಲ್ಲಿ ಈ ಸೋಂಕು ಕಂಡಿತು. ಅಂದ್ರೆ ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮ ಬೆಂಚಿನ ಮೇಲೆ ಮೂವರು ಕೂತಿದ್ದರೆ ಒಬ್ಬರಲ್ಲಿ ಇರಬಹುದು. ಅವರಲ್ಲಿ ಬಹಳಷ್ಟು ಜನರಿಗೆ ಜೀವನಪೂರ್ತಿ ಏನೂ ಆಗೋದಿಲ್ಲ.

ಎಚ್‌ಐವಿ ಇದ್ದಾಗ ಈ ಲೆಕ್ಕ ತಪ್ಪುತ್ತದೆ. ಬೇರೆಯವರಲ್ಲಿ ಮಲಗಿದ ಟಿಬಿ ಇಡೀ ಜೀವನದಲ್ಲಿ ಏಳುವ ಸಂಭವ ನೂರಕ್ಕೆ 5ರಿಂದ 10. ಔಷಧಿ ಇಲ್ಲದ ಎಚ್‌ಐವಿಯಲ್ಲಿ ಹತ್ತಿರ ಹತ್ತಿರ ಅಷ್ಟೇ ಸಂಭವ ಒಂದೊಂದು ವರ್ಷಕ್ಕೆ ಇರುತ್ತದೆ. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಗುಳಿಗೆ ಸರಿಯಾಗಿ ತಗೊಂಡರೆ ಈ ಅಪಾಯ ಅರ್ಧಕ್ಕಿಂತ ಜಾಸ್ತಿ ಇಳಿಯುತ್ತದೆ, ಆದರೆ ಪೂರ್ತಿ ಹೋಗೋದಿಲ್ಲ. ಉಳಿದದ್ದನ್ನು ಇಳಿಸೋಕೆ ಇರೋದೇ ಟಿಬಿ ತಡೆ ಗುಳಿಗೆ. ಆಸ್ಪತ್ರೆಯಲ್ಲಿ ಅದನ್ನು ಟಿಪಿಟಿ ಅಂತಲೋ ಐಪಿಟಿ ಅಂತಲೋ ಕರೆಯುತ್ತಾರೆ.

ಸಂಡೂರಿನ ಗಣಿಯಲ್ಲಿ, ಹಟ್ಟಿ ಚಿನ್ನದ ಗಣಿಯಲ್ಲಿ, ಕಲ್ಲು ಒಡೆಯುವ ಕ್ರಷರ್‌ನಲ್ಲಿ ವರ್ಷಗಟ್ಟಲೆ ದುಡಿದವರು ಇನ್ನೊಂದು ಮಾತು ನೆನಪಿಡಿ. ಕಲ್ಲಿನ ದೂಳಿನಿಂದ ಬರುವ ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ಕಾಯಿಲೆ ಕೂಡ ಟಿಬಿ ಏಳುವುದಕ್ಕೆ ದಾರಿ ಮಾಡಿಕೊಡುತ್ತದೆ. ಎಚ್‌ಐವಿ ಜೊತೆ ಆ ದೂಳೂ ಇದ್ದರೆ ಅದನ್ನು ಡಾಕ್ಟರ್ ಮುಂದೆ ಬಾಯಿಬಿಟ್ಟು ಹೇಳಿ. ಅವರು ಕೇಳದೇ ಇರಬಹುದು.

ಮೊದಲ ಹೆಜ್ಜೆ ಟೆಸ್ಟ್ ಅಲ್ಲ, ನಾಲ್ಕು ಪ್ರಶ್ನೆ

ನಮ್ಮ ಜನ ಎಡವೋದು ಇಲ್ಲೇ. "ಸುಪ್ತ ಟಿಬಿ ಟೆಸ್ಟ್ ಎಲ್ಲಿ ಮಾಡ್ತಾರ್ರಿ?" ಅಂತ ಕೇಳುತ್ತಾ ಬರುತ್ತಾರೆ. ಬರುವಾಗಲೇ ಕೆಮ್ಮುತ್ತಿರುತ್ತಾರೆ.

ಎಆರ್‌ಟಿ ಕೇಂದ್ರಕ್ಕೆ ಹೋದಾಗಲೆಲ್ಲ ಕೇಳುವ ನಾಲ್ಕು ಪ್ರಶ್ನೆ ಇವು: ಈಗ ಕೆಮ್ಮು ಇದೆಯಾ? ಜ್ವರ ಬರುತ್ತಿದೆಯಾ? ತೂಕ ಇಳಿದಿದೆಯಾ? ರಾತ್ರಿ ಬೆವರುತ್ತೀರಾ? ತಿಂಗಳು ತಿಂಗಳು ಇದನ್ನೇ ಕೇಳಿ ಕೇಳಿ ನಿಮಗೂ ಬೇಜಾರು, ಕೇಳುವವರಿಗೂ ಬೇಜಾರು. "ಇಲ್ರಿ, ಇಲ್ರಿ, ಇಲ್ರಿ, ಇಲ್ರಿ" ಅಂತ ಒಂದೇ ಉಸಿರಿಗೆ ಹೇಳಿ ಗುಳಿಗೆ ಡಬ್ಬಿ ತಗೊಂಡು ಹೊರಡುತ್ತೇವೆ. ಹಾಗೆ ಮಾಡಬೇಡಿ. ಈ ನಾಲ್ಕು ಪ್ರಶ್ನೆ ಯಾವ ದುಬಾರಿ ಟೆಸ್ಟಿಗಿಂತ ಕಡಿಮೆ ಇಲ್ಲ.

ಕೆಮ್ಮಿನ ವಿಷಯದಲ್ಲಿ ಒಂದು ವ್ಯತ್ಯಾಸ ಇದೆ. ಗೋಡೆ ಮೇಲಿನ ಪೋಸ್ಟರ್‌ಗಳಲ್ಲಿ "ಎರಡು ವಾರಕ್ಕಿಂತ ಹೆಚ್ಚು ಕೆಮ್ಮು" ಅಂತ ಬರೆದಿರುತ್ತದೆ. ಅದು ಎಲ್ಲರಿಗೂ ಹೇಳಿದ ಮಾತು. ಎಚ್‌ಐವಿ ಇದ್ದವರಿಗೆ ಎರಡು ವಾರದ ಲೆಕ್ಕ ಇಲ್ಲ. ನಿನ್ನೆ ಶುರುವಾದ ಕೆಮ್ಮಾದರೂ ಹೇಳಬೇಕು.

ಬೆವರಿನದು ಇನ್ನೊಂದು ಕಷ್ಟ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನಲ್ಲಿ ರಾತ್ರಿ ಬೆವರದೇ ಇರುವವರು ಯಾರಿದ್ದಾರೆ ಹೇಳಿ! ಬಿಸಿಲು 42 ಡಿಗ್ರಿ, ರಾತ್ರಿ ಕರೆಂಟ್ ಹೋದರೆ ಮಾಳಿಗೆ ಮೇಲೆ ಮಲಗಿದರೂ ಮೈಯೆಲ್ಲ ನೀರು. ಹಾಗಾದರೆ ಹೇಗೆ ಗೊತ್ತು ಮಾಡೋದು? ನಾನು ಹೀಗೆ ಕೇಳುತ್ತೇನೆ: ಪಕ್ಕದಲ್ಲಿ ಮಲಗಿದವರೂ ಬೆವರಿದ್ದಾರಾ, ಇಲ್ಲಾ ನೀವೊಬ್ಬರೇನಾ? ಎದ್ದು ಅಂಗಿ ಬದಲಿಸುವಷ್ಟು ಒದ್ದೆ ಆಗಿದೆಯಾ? ಬೆಳಗಿನ ಜಾವ ತಂಪಾದ ಮೇಲೂ ಬೆವರುತ್ತೀರಾ? ಇದು ಪುಸ್ತಕದಲ್ಲಿ ಇರೋ ಪ್ರಶ್ನೆ ಅಲ್ಲ, ನನ್ನದೇ. ಅನುಮಾನ ಬಂದರೆ ಸೆಕೆ ಅಂತ ತಳ್ಳಿಹಾಕದೆ "ಹೌದು" ಅಂತಲೇ ಹೇಳಿ. ಮುಂದಿನದನ್ನು ಡಾಕ್ಟರ್ ನೋಡಿಕೊಳ್ಳುತ್ತಾರೆ.

ತೂಕಕ್ಕೆ ಮನೆಯಲ್ಲಿ ಮಷೀನು ಬೇಕಿಲ್ಲ. ಕೇಂದ್ರದಲ್ಲಿ ಪ್ರತಿ ಸಲ ತೂಗಿ ಬರೆಯುತ್ತಾರೆ. ನಿಮ್ಮ ಪುಸ್ತಕ ತೆಗೆದು ಹಿಂದಿನ ಸಲದ ಅಂಕಿ ನೀವೇ ನೋಡಿ. ರವಿಕೆ ಸಡಿಲ ಆಗಿದೆ, ಪ್ಯಾಂಟಿಗೆ ಬೆಲ್ಟಿನ ಇನ್ನೊಂದು ತೂತು ಬೇಕಾಗಿದೆ ಅಂದರೆ ಅದೂ ತೂಕ ಇಳಿದ ಲೆಕ್ಕವೇ.

ಮಕ್ಕಳಿಗೆ ಪ್ರಶ್ನೆ ಸ್ವಲ್ಪ ಬೇರೆ. ಕೆಮ್ಮು, ಜ್ವರ, ತೂಕ ಏರದೇ ಇರುವುದು, ಮನೆಯಲ್ಲಿ ಅಥವಾ ಓಣಿಯಲ್ಲಿ ಟಿಬಿ ಇದ್ದವರ ಜೊತೆ ಒಡನಾಟ. ಮಗು ಊಟ ಮಾಡುತ್ತಿದೆ, ಆಡುತ್ತಿದೆ ಅಂತ ಸುಮ್ಮನಿರಬೇಡಿ, ತೂಕದ ಗೆರೆ ನೋಡಿ.

ನಾಲ್ಕರಲ್ಲಿ ಒಂದಕ್ಕೆ "ಹೌದು" ಬಂದರೆ

ಹಾಗಾದರೆ ಸುಪ್ತ ಟಿಬಿಯ ಮಾತು ಅಲ್ಲಿಗೇ ನಿಲ್ಲುತ್ತದೆ. ಈಗ ಹುಡುಕಬೇಕಾದದ್ದು ಎದ್ದಿರುವ ಟಿಬಿಯನ್ನು. ಕಫವನ್ನು ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಮಷೀನಿಗೆ ಹಾಕುತ್ತಾರೆ. ಮಷೀನಿಗೆ ಹಾಕಿದ ಮೇಲೆ ಒಂದೆರಡು ತಾಸಿನ ಕೆಲಸ, ಸಾಲು ಇದ್ದರೆ ರಿಪೋರ್ಟಿಗೆ ಒಂದೆರಡು ದಿನ. ಜೊತೆಗೆ ಎದೆಯ ಎಕ್ಸ್‌ರೇ. ಕುತ್ತಿಗೆಯಲ್ಲಿ ಗಡ್ಡೆ ಇದ್ದರೆ ಅದರಿಂದ ಸೂಜಿಯಲ್ಲಿ ತೆಗೆದು ನೋಡುತ್ತಾರೆ, ಯಾಕೆಂದರೆ ಎಚ್‌ಐವಿ ಇದ್ದವರಲ್ಲಿ ಟಿಬಿ ಶ್ವಾಸಕೋಶ ಬಿಟ್ಟು ಬೇರೆ ಕಡೆ ಕೂರುವುದೂ ಜಾಸ್ತಿ. ತುಂಬಾ ನಿತ್ರಾಣ ಆದವರಿಗೆ, ಸಿಡಿ4 (ಎಚ್‌ಐವಿ ಹೊಡೆಯುವ ಬಿಳಿ ರಕ್ತಕಣಗಳ ಎಣಿಕೆ) ಬಹಳ ಇಳಿದವರಿಗೆ ಮೂತ್ರದಲ್ಲೇ ನೋಡುವ ಲ್ಯಾಮ್ ಅನ್ನುವ ಪರೀಕ್ಷೆಯೂ ಇದೆ.

ಕಫ ಕೊಡೋಕೆ ಡಬ್ಬಿ ಕೊಟ್ಟರೆ ಎಂಜಲು ತುಂಬಿ ಕೊಡುವವರೇ ಜಾಸ್ತಿ. ನೊರೆ ನೊರೆಯಾಗಿ, ನೀರಿನ ಹಾಗೆ ಇರುತ್ತದೆ. ಅದು ಕೆಲಸಕ್ಕೆ ಬಾರದು. ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಬಯಲಿಗೆ ಅಥವಾ ಮಾಳಿಗೆ ಮೇಲೆ ಹೋಗಿ, ಎರಡು ಮೂರು ಸಲ ಉಸಿರು ಒಳಗೆ ಎಳೆದು, ಎದೆಯ ಆಳದಿಂದ ಕೆಮ್ಮಿ. ಗಟ್ಟಿಯಾಗಿ, ಅಂಟಂಟಾಗಿ ಬರಬೇಕು. ಅರ್ಧ ಚಮಚೆಯಷ್ಟು ಬಂದರೂ ಸಾಕು. ಮುಚ್ಚಳ ಬಿಗಿ ಮಾಡಿ ಬೇಗ ತಲುಪಿಸಿ.

ಈ ಹಂತದಲ್ಲಿ "ಮೊದಲು ತಡೆ ಗುಳಿಗೆ ಕೊಟ್ಟುಬಿಡ್ರಿ, ಕಫದ್ದು ಆಮೇಲೆ ನೋಡೋಣ" ಅಂತ ಅವಸರ ಮಾಡಬೇಡಿ. ಎದ್ದ ಟಿಬಿಗೆ ನಾಲ್ಕು ಔಷಧಿ ಒಟ್ಟಿಗೆ ಬೇಕು. ತಡೆ ಗುಳಿಗೆಯಲ್ಲಿ ಒಂದೋ ಎರಡೋ ಔಷಧಿ ಮಾತ್ರ ಇರುತ್ತದೆ. ಎದ್ದ ರೋಗಾಣುವಿಗೆ ಒಂದೇ ಔಷಧಿ ಕೊಟ್ಟರೆ ಅದು ಸಾಯೋದಿಲ್ಲ, ಆ ಔಷಧಿಗೆ ಬಗ್ಗದಿರುವುದನ್ನು ಕಲಿಯುತ್ತದೆ.

ನಾಲ್ಕೂ "ಇಲ್ಲ" ಅಂದರೆ ಟೆಸ್ಟ್ ಬೇಕಾ?

ಬೇಕೇ ಬೇಕು ಅಂತಿಲ್ಲ. ಈ ಬರಹದಲ್ಲಿ ಒಂದೇ ಸಾಲು ನೆನಪಿಡುವುದಾದರೆ ಇದನ್ನು ನೆನಪಿಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ, ನಮ್ಮ ದೇಶದ 2021ರ ಟಿಬಿ ತಡೆ ಮಾರ್ಗಸೂಚಿ ಹೇಳುವುದೂ ಇದನ್ನೇ: ಎಚ್‌ಐವಿ ಇದ್ದವರಲ್ಲಿ ಎದ್ದ ಟಿಬಿ ಇಲ್ಲ ಅಂತ ಖಾತ್ರಿ ಆದರೆ, ಚರ್ಮದ ಟೆಸ್ಟ್ ಅಥವಾ ರಕ್ತದ ಟೆಸ್ಟ್ ಇಲ್ಲದೆಯೇ ತಡೆ ಗುಳಿಗೆ ಶುರು ಮಾಡಬಹುದು. ಒಂದು ವರ್ಷ ದಾಟಿದ ಮಕ್ಕಳಿಗೂ ಇದೇ ನಿಯಮ. ಒಂದು ವರ್ಷದೊಳಗಿನ ಎಚ್‌ಐವಿ ಇರುವ ಕೂಸಿಗೆ ಮಾತ್ರ, ಟಿಬಿ ರೋಗಿಯ ಒಡನಾಟ ಇದ್ದರೆ ಕೊಡುತ್ತಾರೆ.

ಯಾಕೆ ಹೀಗೆ? ಟೆಸ್ಟ್‌ಗಳೇ ನಮ್ಮ ರೋಗನಿರೋಧಕ ಶಕ್ತಿಯನ್ನು ನಂಬಿಕೊಂಡು ಕೆಲಸ ಮಾಡುತ್ತವೆ. ರೋಗಾಣುವನ್ನು ಹಿಂದೆ ಕಂಡ ಬಿಳಿ ರಕ್ತಕಣಗಳು ಮತ್ತೆ ಅದರ ವಾಸನೆ ಹಿಡಿದು ಗಲಾಟೆ ಮಾಡಬೇಕು, ಆ ಗಲಾಟೆಯನ್ನು ನಾವು ಅಳೆಯುತ್ತೇವೆ. ಎಚ್‌ಐವಿ ಹೊಡೆಯುವುದೇ ಆ ಕಣಗಳನ್ನು. ಕಾವಲುಗಾರನೇ ಮಲಗಿದ್ದರೆ ಕಳ್ಳ ಬಂದಿದ್ದಾನೋ ಇಲ್ಲವೋ ಯಾರನ್ನು ಕೇಳೋಣ? ಸಿಡಿ4 200ಕ್ಕಿಂತ ಕೆಳಗೆ ಇದ್ದಾಗಲಂತೂ ಸೋಂಕು ಇದ್ದೂ ನೆಗೆಟಿವ್ ಬರುವುದು ಸಾಮಾನ್ಯ. ಹಾಗಾಗಿ ಪಾಸಿಟಿವ್ ಬಂದರೆ ಅದಕ್ಕೆ ಬೆಲೆ ಇದೆ, ನೆಗೆಟಿವ್ ಬಂದರೆ ನಿಶ್ಚಿಂತೆಯಿಂದ ಇರೋ ಹಾಗಿಲ್ಲ.

ಐವರಿ ಕೋಸ್ಟ್ ದೇಶದಲ್ಲಿ ಎಚ್‌ಐವಿ ಇರುವ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿ ನಡೆಸಿದ ಟೆಂಪ್ರಾನೊ ಅನ್ನುವ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಆರು ತಿಂಗಳು ತಡೆ ಗುಳಿಗೆ ತಗೊಂಡವರಲ್ಲಿ ಗಂಭೀರ ಕಾಯಿಲೆ ಕಡಿಮೆ ಆಗಿತ್ತು. ಅದೇ ಜನರನ್ನು ಇನ್ನೂ ಕೆಲವು ವರ್ಷ ನೋಡಿದಾಗ ಸಾವೂ ಸುಮಾರು ಮೂರನೇ ಒಂದು ಭಾಗ ಕಡಿಮೆ ಕಂಡಿತು.

ಹಾಗಾದರೆ ಟೆಸ್ಟ್ ಯಾರಿಗೆ? ಟೆಸ್ಟ್ ಪಾಸಿಟಿವ್ ಇದ್ದವರಿಗೆ ಗುಳಿಗೆಯ ಪ್ರಯೋಜನ ಜಾಸ್ತಿ ಅನ್ನುವುದು ನಿಜ. ಲಿವರ್ ತೊಂದರೆ ಇದ್ದು, ಗುಳಿಗೆ ಕೊಡಬೇಕೋ ಬೇಡವೋ ಅಂತ ಡಾಕ್ಟರ್ ತೂಗಿ ನೋಡುವಾಗ ಅದು ಸಹಾಯಕ್ಕೆ ಬರುತ್ತದೆ. ಮನೆಯಲ್ಲಿ ಯಾರಿಗೋ ಟಿಬಿ ಬಂದಾಗ ಎಚ್‌ಐವಿ ಇಲ್ಲದ ದೊಡ್ಡವರಿಗೂ ಟೆಸ್ಟ್ ಹೇಳಬಹುದು. ಒಂದೇ ಮನೆ, ಆದರೆ ಎಚ್‌ಐವಿ ಇರುವ ಗಂಡನಿಗೆ ಟೆಸ್ಟ್ ಇಲ್ಲದೆ ಗುಳಿಗೆ, ಅವನ ತಮ್ಮನಿಗೆ ಟೆಸ್ಟ್ ಆದ ಮೇಲೆ ಗುಳಿಗೆ. ಇದರಲ್ಲಿ ಭೇದಭಾವ ಏನಿಲ್ಲ, ಅಪಾಯದ ಲೆಕ್ಕ ಬೇರೆ ಬೇರೆ ಅಷ್ಟೇ.

"ಟೆಸ್ಟ್ ಕಿಟ್ ಬಂದಿಲ್ಲ, ಬಂದ ಮೇಲೆ ಗುಳಿಗೆ ಕೊಡ್ತೀವಿ" ಅಂತ ನಿಮ್ಮನ್ನು ತಿಂಗಳುಗಟ್ಟಲೆ ಓಡಾಡಿಸಿದರೆ, ಎಆರ್‌ಟಿ ಡಾಕ್ಟರ್ ಹತ್ತಿರ ನೇರವಾಗಿ ಕೇಳಿ: "ಟೆಸ್ಟ್ ಇಲ್ಲದೇನೂ ಕೊಡಬಹುದಂತಲ್ರಿ?" ಕೇಳೋಕೆ ಸಂಕೋಚ ಬೇಡ.

ಚರ್ಮದ ಟೆಸ್ಟ್ ಮಾಡಿಸುವುದಾದರೆ

ಇದನ್ನು ಮಾಂಟೂ ಅನ್ನುತ್ತಾರೆ. ನೂರು ವರ್ಷಕ್ಕಿಂತ ಹಳೆಯ ಪರೀಕ್ಷೆ. ಮುಂಗೈಯ ಒಳಭಾಗದ ಚರ್ಮದ ಪದರದೊಳಗೆ 0.1 ಮಿಲಿಲೀಟರ್ ಪಿಪಿಡಿ ದ್ರವ (ಟಿಬಿ ರೋಗಾಣುವಿನ ಪ್ರೋಟೀನು ಇರುವುದು) ಬಿಡುತ್ತಾರೆ. ಸರಿಯಾಗಿ ಬಿದ್ದರೆ ಅಲ್ಲೇ ಒಂದು ಸಣ್ಣ ಬಿಳಿ ಗುಳ್ಳೆ ಏಳುತ್ತದೆ, 6ರಿಂದ 10 ಮಿಲಿಮೀಟರ್ ಅಗಲ, ಕಿತ್ತಳೆ ಸಿಪ್ಪೆಯ ಹಾಗೆ ತೂತು ತೂತು. ಗುಳ್ಳೆ ಏಳಲಿಲ್ಲ, ರಕ್ತ ಬಂತು, ದ್ರವ ಹೊರಗೆ ಸೋರಿತು ಅಂದರೆ ಅದು ಸರಿಯಾಗಿ ಬಿದ್ದಿಲ್ಲ. ಅಲ್ಲೇ ಹೇಳಿ, ಬೇರೆ ಜಾಗಕ್ಕೆ ಹಾಕುತ್ತಾರೆ. ಗುಳ್ಳೆ ಸ್ವಲ್ಪ ಹೊತ್ತಿಗೆ ಮಾಯ ಆಗುತ್ತದೆ, ಅದಕ್ಕೆ ಹೆದರಬೇಡಿ.

ದಿನ ಆರಿಸುವುದೇ ಇದರಲ್ಲಿ ದೊಡ್ಡ ಕೆಲಸ. ಓದಬೇಕಾದದ್ದು 48ರಿಂದ 72 ತಾಸಿನ ಒಳಗೆ. ಸೋಮವಾರ ಚುಚ್ಚಿಸಿದರೆ ಬುಧವಾರ ಇಲ್ಲಾ ಗುರುವಾರ ತೋರಿಸಿ. ಮಂಗಳವಾರವಾದರೆ ಗುರುವಾರ, ಶುಕ್ರವಾರ. ಗುರುವಾರ ಚುಚ್ಚಿಸಿದರೆ ಶನಿವಾರ, ಭಾನುವಾರಕ್ಕೆ ಬರುತ್ತದೆ, ರಜೆ ಇದ್ದರೆ ಮುಗೀತು. ಶುಕ್ರವಾರವಂತೂ ಬೇಡವೇ ಬೇಡ. ಜಾತ್ರೆ, ಹಬ್ಬ, ಮನೆಯಲ್ಲಿ ಮದುವೆ, ಬತ್ತದ ಕೊಯ್ಲು ಎಲ್ಲ ಲೆಕ್ಕ ಹಾಕಿಯೇ ಕೈ ಚಾಚಿ. ಗುಳೆ ಹೊರಡುವ ವಾರದಲ್ಲಿ ಮಾಡಿಸಬೇಡಿ. ಬೆಂಗಳೂರಿನ ಕಟ್ಟಡದ ಕೆಲಸದ ಜಾಗದಲ್ಲಿ ನಿಮ್ಮ ಕೈ ನೋಡೋಕೆ ಯಾರು ಬರುತ್ತಾರೆ?

ಆ ಎರಡು ಮೂರು ದಿನ ಸ್ನಾನ ಮಾಡಬಹುದು, ಕೆಲಸ ಮಾಡಬಹುದು. ಕೆರೆಯಬೇಡಿ, ಉಜ್ಜಬೇಡಿ, ಅರಿಶಿನ, ಸುಣ್ಣ, ಮುಲಾಮು ಏನೂ ಹಚ್ಚಬೇಡಿ, ಬ್ಯಾಂಡೇಜ್ ಸುತ್ತಬೇಡಿ.

ಈಗ ಓದುವ ವಿಷಯ. ನನ್ನದೇ ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹುಡುಗನ ಕೈಯಲ್ಲಿ ಕೆಂಪಗೆ ಎರಡು ರೂಪಾಯಿ ನಾಣ್ಯದಷ್ಟು ಅಗಲ ಕಂಡಿತು. ಸ್ಕೇಲ್ ಇಟ್ಟೆ, ಕೆಂಪಿನ ಅಳತೆ ಬರೆದೆ, ಪಾಸಿಟಿವ್ ಅಂದೆ. ಹಿರಿಯ ಮೇಡಂ ಬಂದು ನನ್ನ ಬೆರಳು ಹಿಡಿದು ಆ ಜಾಗದ ಮೇಲೆ ಆಡಿಸಿದರು. "ಕಣ್ಣು ಮುಚ್ಚಿ ಮುಟ್ಟಿ ನೋಡಪ್ಪ, ಗಟ್ಟಿ ಎಲ್ಲೈತಿ?" ಎಲ್ಲೂ ಇರಲಿಲ್ಲ. ಮೆತ್ತಗಿನ ಚರ್ಮ, ಸುಮ್ನೆ ಕೆಂಪಾಗಿತ್ತು. ಅಳೆಯಬೇಕಾದದ್ದು ಕೆಂಪನ್ನಲ್ಲ, ಗಟ್ಟಿಯಾದ ಉಬ್ಬನ್ನು. ಆವತ್ತಿನಿಂದ ಬಾಲ್‌ಪೆನ್ ಹಿಡಿಯುತ್ತೇನೆ. ಒಂದು ಬದಿಯಿಂದ ಗೆರೆ ಎಳೆಯುತ್ತಾ ಉಬ್ಬಿನ ಕಡೆ ಬಂದರೆ, ಗಟ್ಟಿ ಶುರುವಾಗುವ ಕಡೆ ಪೆನ್ನು ತಡೆದು ನಿಲ್ಲುತ್ತದೆ. ಆ ಬದಿಯಿಂದಲೂ ಹಾಗೇ. ಎರಡು ಗೆರೆಯ ನಡುವಿನ ಅಂತರವನ್ನು ಮುಂಗೈಗೆ ಅಡ್ಡಲಾಗಿ ಸ್ಕೇಲ್ ಇಟ್ಟು ಅಳೆಯಬೇಕು. ಉದ್ದಕ್ಕೆ ಅಲ್ಲ.

ಎಚ್‌ಐವಿ ಇದ್ದವರಿಗೆ 5 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಪಾಸಿಟಿವ್. ಹೆಚ್ಚು ಕಡಿಮೆ ಒಂದು ತೊಗರಿ ಕಾಳಿನ ಅಗಲ. ಬೇರೆಯವರಿಗೆ ಸಾಮಾನ್ಯವಾಗಿ 10 ಮಿಲಿಮೀಟರ್ ಬೇಕು. ದೊಡ್ಡ ಮೋಸ ಆಗುವುದು ಇಲ್ಲೇ. ಖಾಸಗಿ ಲ್ಯಾಬ್ ಒಂದರಿಂದ ಬಂದ ಕಾಗದ ನಾನೇ ನೋಡಿದ್ದೇನೆ: "ಮಾಂಟೂ: ನೆಗೆಟಿವ್" ಅಂತ ಒಂದೇ ಸಾಲು. ಎಷ್ಟು ಮಿಲಿಮೀಟರ್ ಅಂತ ಇಲ್ಲ. ಫೋನ್ ಮಾಡಿ ಕೇಳಿದರೆ "ಏಳು ಇತ್ತು ಸರ್, ಹತ್ತರೊಳಗೆ ನೆಗೆಟಿವ್ ಅಲ್ವಾ" ಅಂದರು. ಅವರ ಮುಂದೆ ಬಂದವರಿಗೆ ಎಚ್‌ಐವಿ ಇದೆ ಅಂತ ಅವರಿಗೆ ಗೊತ್ತಿರಲಿಲ್ಲ, ಬಂದವರು ಹೇಳಿರಲಿಲ್ಲ. ಹೇಳಬೇಕಾಗಿಯೂ ಇಲ್ಲ. ನೀವು ಕೇಳಬೇಕಾದದ್ದು ಒಂದೇ: "ಪಾಸಿಟಿವ್, ನೆಗೆಟಿವ್ ಬಿಡ್ರಿ, ಎಷ್ಟು ಮಿಲಿಮೀಟರ್ ಅಂತ ಬರೆದುಕೊಡ್ರಿ." ಆ ಅಂಕಿಯನ್ನು ಎಆರ್‌ಟಿ ಡಾಕ್ಟರ್‌ಗೆ ತೋರಿಸಿ. 7 ಅಂದರೆ ನಿಮಗೆ ಅದು ಪಾಸಿಟಿವ್.

ಹುಟ್ಟಿದಾಗ ಹಾಕಿದ ಬಿಸಿಜಿ ಲಸಿಕೆಯಿಂದ ಸುಳ್ಳು ಪಾಸಿಟಿವ್ ಬರಬಹುದಾ? ಬರಬಹುದು, ಆದರೆ ಕೂಸಿದ್ದಾಗ ಹಾಕಿದ್ದರ ಪರಿಣಾಮ ವಯಸ್ಸಾಗುತ್ತಾ ಇಳಿಯುತ್ತದೆ. ಆ ಗೊಂದಲ ಇಲ್ಲದ ಹೊಸ ಚರ್ಮದ ಟೆಸ್ಟ್ ಈಗ ಬಂದಿದೆ, ಸೈ-ಟಿಬಿ ಅಂತ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುವುದು. ಬಿಸಿಜಿಯಲ್ಲಿ ಇಲ್ಲದ, ಟಿಬಿ ರೋಗಾಣುವಿನಲ್ಲಿ ಇರುವ ಎರಡು ಪ್ರೋಟೀನನ್ನು ಮಾತ್ರ ಬಳಸುತ್ತಾರೆ. ಚುಚ್ಚುವುದು, ಓದುವ ಹೊತ್ತು ಎಲ್ಲ ಮಾಂಟೂ ಹಾಗೇ. ಇದರಲ್ಲಿ ಎಲ್ಲರಿಗೂ 5 ಮಿಲಿಮೀಟರೇ ಗೆರೆ, ಹಾಗಾಗಿ ಮೇಲೆ ಹೇಳಿದ ಏಳು-ಹತ್ತರ ಜಗಳ ಇಲ್ಲ. ನನಗೆ ಇದು ಇಷ್ಟ ಆಗೋದು ಮುಖ್ಯವಾಗಿ ಇದಕ್ಕೇ.

ರಕ್ತದ ಟೆಸ್ಟ್ ಬರೆದುಕೊಟ್ಟರೆ

ಇಗ್ರಾ ಅಂತ ಹೆಸರು. ಕ್ವಾಂಟಿಫೆರಾನ್ ಅಂತ ಚೀಟಿಯಲ್ಲಿ ಬರೆದಿರಬಹುದು. ಒಂದೇ ಸಲ ಹೋದರೆ ಸಾಕು, ಮತ್ತೆ ಕೈ ತೋರಿಸೋಕೆ ಬರಬೇಕಿಲ್ಲ, ಬಿಸಿಜಿ ಗೊಂದಲ ಇಲ್ಲ. ಅಷ್ಟು ಅನುಕೂಲ. ದುಡ್ಡು ಮಾತ್ರ ಸಾವಿರದ ಲೆಕ್ಕದಲ್ಲಿ.

ನಾಲ್ಕು ಸಣ್ಣ ಟ್ಯೂಬಿಗೆ ಒಂದೊಂದು ಮಿಲಿಲೀಟರ್ ರಕ್ತ ತೆಗೆಯುತ್ತಾರೆ. ತೆಗೆದ ಮೇಲೆ ಪ್ರತಿ ಟ್ಯೂಬನ್ನೂ ಹತ್ತು ಸಲ ಅಲ್ಲಾಡಿಸಬೇಕು, ಗೋಡೆಗೆಲ್ಲ ರಕ್ತ ತಾಗುವ ಹಾಗೆ. 16 ತಾಸಿನೊಳಗೆ 37 ಡಿಗ್ರಿ ಪೆಟ್ಟಿಗೆಗೆ ಸೇರಬೇಕು. ಅಲ್ಲಿಯವರೆಗೆ ಫ್ರಿಜ್‌ನಲ್ಲೂ ಇಡಬಾರದು, ಸೆಕೆಯಲ್ಲೂ ಇಡಬಾರದು, ಹತ್ತಿರ ಹತ್ತಿರ 22 ಡಿಗ್ರಿ ಇರಬೇಕು. ಮೇ ತಿಂಗಳಲ್ಲಿ ಲಿಂಗಸುಗೂರಿನಲ್ಲಿ ರಕ್ತ ತೆಗೆದು, ಬೈಕಿನ ಬ್ಯಾಗಿನಲ್ಲಿ ಹಾಕಿ, ಬಸ್ಸಿನಲ್ಲಿ ಊರೂರು ದಾಟಿಸಿ ದೊಡ್ಡ ಲ್ಯಾಬಿಗೆ ಕಳಿಸಿದರೆ ಆ ಕಣಗಳ ಗತಿ ಏನು ಅಂತ ನೀವೇ ಯೋಚಿಸಿ. ಅದಕ್ಕೆ ರಕ್ತ ಕೊಡುವ ಮುಂಚೆ ಎರಡು ಮಾತು ಕೇಳಿ: ಟೆಸ್ಟ್ ಎಲ್ಲಿ ನಡೆಯುತ್ತದೆ, ಇವತ್ತಿನ ರಕ್ತ ಇವತ್ತೇ ಹೋಗುತ್ತದಾ? ಸಾಧ್ಯವಾದರೆ ಬೆಳಿಗ್ಗೆಯೇ ಕೊಡಿ.

ರಿಪೋರ್ಟಿನಲ್ಲಿ 0.35 ಅನ್ನುವ ಅಂಕಿ ಗೆರೆ. ಅದರ ಮೇಲೆ ಇದ್ದರೆ ಸಾಮಾನ್ಯವಾಗಿ ಪಾಸಿಟಿವ್. ಆದರೆ ಎಚ್‌ಐವಿ ಇದ್ದವರು ನೋಡಬೇಕಾದ ಇನ್ನೊಂದು ಸಾಲು ಇದೆ, ಮೈಟೋಜೆನ್ ಅಂತ. ನಾಲ್ಕರಲ್ಲಿ ಒಂದು ಟ್ಯೂಬು ಅದರದ್ದೇ. ನಿಮ್ಮ ಕಣಗಳಿಗೆ ಕೂಗೋ ಶಕ್ತಿ ಇದೆಯಾ ಅಂತ ಪರೀಕ್ಷೆ ಮಾಡುವ ಟ್ಯೂಬು ಅದು. ಅದೇ ಕೂಗದಿದ್ದರೆ ಫಲಿತಾಂಶ "ಇಂಡಿಟರ್ಮಿನೇಟ್" ಅಂತ ಬರುತ್ತದೆ, ಅಂದರೆ ಹೇಳೋಕಾಗಲ್ಲ ಅಂತ ಅರ್ಥ. ಸಿಡಿ4 ಕಡಿಮೆ ಇದ್ದವರಲ್ಲಿ ಇದು ಜಾಸ್ತಿ. ಅದನ್ನು ನೆಗೆಟಿವ್ ಅಂತ ಓದಿಕೊಂಡು ಮನೆಗೆ ಹೋದವರಿದ್ದಾರೆ. ಅದು ನೆಗೆಟಿವ್ ಅಲ್ಲ.

ಇಗ್ರಾ ಪಾಸಿಟಿವ್ ಬಂತು ಅಂದರೆ ಟಿಬಿ ಕಾಯಿಲೆ ಬಂತು ಅಂತಲೂ ಅಲ್ಲ. ಮಲಗಿದ್ದು, ಎದ್ದದ್ದು ಯಾವುದು ಅಂತ ಅದಕ್ಕೆ ಗೊತ್ತಾಗೋದಿಲ್ಲ, ಮಾಂಟೂಗೂ ಗೊತ್ತಾಗೋದಿಲ್ಲ. ಮತ್ತೆ ಆ ನಾಲ್ಕು ಪ್ರಶ್ನೆಗೇ ಬರಬೇಕು.

ಟಿಬಿ ಐಜಿಜಿ, ಟಿಬಿ ಐಜಿಎಂ ಅಂತ ಯಾರಾದರೂ ರಕ್ತ ತೆಗೆಯೋಕೆ ಬಂದರೆ ಎದ್ದು ಬನ್ನಿ. ಆ ಪ್ರತಿಕಾಯ ಪರೀಕ್ಷೆಗಳನ್ನು ಕೇಂದ್ರ ಸರಕಾರ 2012ರಲ್ಲೇ ನಿಷೇಧಿಸಿದೆ, ತಪ್ಪು ಫಲಿತಾಂಶ ಜಾಸ್ತಿ ಅಂತ.

ಗುಳಿಗೆ ಶುರು ಮಾಡುವ ಮುಂಚೆ ಹೇಳಬೇಕಾದದ್ದು

ಎಆರ್‌ಟಿ ಕೇಂದ್ರದಲ್ಲಿ ಇದು ಉಚಿತ. ಸಾಮಾನ್ಯವಾಗಿ ಎರಡು ಬಗೆ. ದಿನಕ್ಕೊಂದು ಐಸೋನಿಯಾಜಿಡ್, ಆರು ತಿಂಗಳು, ಜೊತೆಗೆ ಬಿ6 ವಿಟಮಿನ್. ಇಲ್ಲಾ ವಾರಕ್ಕೊಮ್ಮೆ ಐಸೋನಿಯಾಜಿಡ್ ಮತ್ತು ರಿಫಾಪೆಂಟಿನ್ ಸೇರಿಸಿ, ಒಟ್ಟು 12 ವಾರ, ಇದಕ್ಕೆ 3ಎಚ್‌ಪಿ ಅನ್ನುತ್ತಾರೆ. ಈಗ ಬಹಳ ಜನ ತಗೊಳ್ಳುವ ಟಿಎಲ್‌ಡಿ ಅನ್ನುವ ಎಆರ್‌ಟಿ ಗುಳಿಗೆ ಜೊತೆ 3ಎಚ್‌ಪಿ ಕೊಡಬಹುದು. ನೆವಿರಪಿನ್ ಅಥವಾ ಎರಡನೇ ಸಾಲಿನ ಅಟಜನಾವಿರ್, ಲೋಪಿನಾವಿರ್ ಥರದ ಎಚ್‌ಐವಿ ಔಷಧಿ ತಗೊಳ್ಳುವವರಿಗೆ ಆಗೋದಿಲ್ಲ. ಬಸುರಿಯರಿಗೂ 3ಎಚ್‌ಪಿ ಕೊಡೋದಿಲ್ಲ. ಗರ್ಭನಿರೋಧಕ ಗುಳಿಗೆಯ ಶಕ್ತಿಯನ್ನು ರಿಫಾಪೆಂಟಿನ್ ಇಳಿಸುತ್ತದೆ, ಹಾಗಾಗಿ ಆ ಗುಳಿಗೆ ನುಂಗುತ್ತಿರುವ ಅಕ್ಕತಂಗಿಯರು ಕೌನ್ಸೆಲರ್ ಮೇಡಂಗೆ ಗುಟ್ಟಾಗಿಯಾದರೂ ಹೇಳಿ.

ಕುಡಿತ ಇದ್ದರೆ ಮುಚ್ಚಿಡಬೇಡಿ. ಬೈಸಿಕೊಳ್ಳೋದು ಒಂದು ದಿನದ್ದು, ಲಿವರ್ ಕೆಡೋದು ಹಾಗಲ್ಲ. ಕಾಮಾಲೆ ಆಗಿತ್ತಾ, ಪಾದ ಜುಮ್ಮೆನ್ನುತ್ತದಾ, ಫಿಟ್ಸ್ ಗುಳಿಗೆ ತಗೊಳ್ಳುತ್ತೀರಾ, ಎಲ್ಲ ಹೇಳಿ. ಹಿಂದೆ ಒಮ್ಮೆ ಟಿಬಿ ಆಗಿ ಪೂರ್ತಿ ಗುಣ ಆಗಿದ್ದರೂ ಹೇಳಿ. ಅಂಥವರಿಗೂ ತಡೆ ಗುಳಿಗೆ ಕೊಡುತ್ತಾರೆ, ಆದರೆ ಅವರಿಗೆ ಚರ್ಮದ ಟೆಸ್ಟ್, ರಕ್ತದ ಟೆಸ್ಟ್ ಮಾಡಿಸುವುದು ದಂಡ, ಹಳೆಯದಕ್ಕೇ ಪಾಸಿಟಿವ್ ತೋರಿಸುತ್ತಿರಬಹುದು.

ಶುರು ಮಾಡಿದ ಮೇಲೆ ಕಣ್ಣು ಹಳದಿ ಆದರೆ, ಊಟ ಸೇರದೆ ವಾಂತಿ ಆಗುತ್ತಲೇ ಇದ್ದರೆ, ಬಲಪಕ್ಕೆ ಕೆಳಗೆ ನೋವು ಬಂದರೆ, ಮೈಮೇಲೆ ದದ್ದು ಎದ್ದರೆ ಗುಳಿಗೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಿ. ಮುಂದಿನ ತಿಂಗಳ ತಾರೀಖಿಗೆ ಕಾಯಬೇಡಿ. ರಿಫಾಪೆಂಟಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದು ಮಾತ್ರ ರಕ್ತ ಅಲ್ಲ, ಹೆದರಬೇಡಿ. ಎಆರ್‌ಟಿ ಹೊಸದಾಗಿ ಶುರು ಮಾಡಿದವರಿಗೆ ಮೊದಲ ಕೆಲವು ವಾರದಲ್ಲಿ ಜ್ವರ, ಗಡ್ಡೆ, ಕೆಮ್ಮು ಬಂದರೂ ಹಾಗೇ ಬೇಗ ಹೋಗಬೇಕು. ಶಕ್ತಿ ಮರಳುವಾಗ ಅಡಗಿ ಕೂತಿದ್ದ ಟಿಬಿ ಮುಖ ತೋರಿಸುವುದುಂಟು.

ಗುಳೆ ಹೋಗುವವರು ಹೊರಡುವ ಮುಂಚೆ ಕೇಂದ್ರಕ್ಕೆ ಹೇಳಿದರೆ ಮುಂದಿನ ದಿನಗಳಿಗೂ ಗುಳಿಗೆ ಕೇಳಿ ತಗೊಳ್ಳಬಹುದು, ಹೋದ ಊರಿನ ಎಆರ್‌ಟಿ ಕೇಂದ್ರಕ್ಕೂ ಬರೆಸಿಕೊಳ್ಳಬಹುದು. ಒಂದು ದಿನ ತಪ್ಪಿದರೆ ಮರುದಿನ ಎರಡು ನುಂಗಬೇಡಿ. 3ಎಚ್‌ಪಿಗೆ ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಳ್ಳಿ, ಸಂತೆಯ ದಿನವಾದರೆ ಮರೆಯೋದಿಲ್ಲ. ನಮ್ಮ ಕಡೆ ಒಬ್ಬರು ಬೆಳಿಗ್ಗೆ ಒಗ್ಗರಣೆ-ಮಿರ್ಚಿ ತಿಂದ ಮೇಲೆ ಗುಳಿಗೆ ಅಂತ ಸಂತೆಯ ದಿನಕ್ಕೇ ಗಂಟು ಹಾಕಿಕೊಂಡಿದ್ದರು, ಹನ್ನೆರಡೂ ವಾರ ತಪ್ಪಿಸಲಿಲ್ಲ.

ಗುಟ್ಟಿನ ಮಾತು

ಕೈಮೇಲಿನ ಗುರುತು ನೋಡಿ ಎಚ್‌ಐವಿ ಇದೆ ಅಂತ ಯಾರಿಗೂ ಗೊತ್ತಾಗೋದಿಲ್ಲ. ಮಾಂಟೂ ಎಷ್ಟೋ ಜನರಿಗೆ, ಮಕ್ಕಳಿಗೆ, ಬೇರೆ ಬೇರೆ ಕಾರಣಕ್ಕೆ ಮಾಡುತ್ತಾರೆ. ಕೇಳಿದವರಿಗೆ "ಅಲರ್ಜಿ ನೋಡ್ಯಾರ" ಅಂದರೂ ಆಯಿತು. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆಯ ಪ್ರಕಾರ ನಿಮ್ಮ ಒಪ್ಪಿಗೆ ಇಲ್ಲದೆ ನಿಮ್ಮ ಸ್ಥಿತಿಯನ್ನು ಬೇರೆಯವರಿಗೆ ಹೇಳುವ ಹಾಗಿಲ್ಲ. ಕೆಲಸ ಕೊಟ್ಟವರಿಗೂ ಅಷ್ಟೇ. ಕೇಳೋಕೆ ಯಾರೂ ಇಲ್ಲ ಅನ್ನಿಸಿದರೆ 1097ಕ್ಕೆ ಫೋನ್ ಮಾಡಿ, ಎಚ್‌ಐವಿಗೆ ಸಂಬಂಧಿಸಿದ ಉಚಿತ ಸಹಾಯವಾಣಿ.

ಗುಳಿಗೆ ಮುಗಿದ ಮೇಲೆ ಮತ್ತೆ ಟೆಸ್ಟ್ ಮಾಡಿಸಿ "ಹೋಯ್ತಾ ಇಲ್ವಾ" ನೋಡೋಣ ಅನ್ನುವವರು ಇದ್ದಾರೆ. ಮಾಡಿಸಬೇಡಿ. ಒಮ್ಮೆ ಪಾಸಿಟಿವ್ ಬಂದದ್ದು ಗುಳಿಗೆ ತಗೊಂಡ ಮೇಲೂ ಪಾಸಿಟಿವ್ ಆಗಿಯೇ ಉಳಿಯಬಹುದು, ಅದರಿಂದ ಏನೂ ತಿಳಿಯೋದಿಲ್ಲ. ಬದಲಿಗೆ ಮಿಲಿಮೀಟರ್ ಬರೆದ ಆ ಕಾಗದ, ಗುಳಿಗೆ ಶುರುವಾದ ಮತ್ತು ಮುಗಿದ ತಾರೀಖು, ಇಷ್ಟನ್ನು ಫೋನಿನಲ್ಲಿ ಫೋಟೋ ಹೊಡೆದು ಇಟ್ಟುಕೊಳ್ಳಿ. ಊರು ಬದಲಾದಾಗ, ಡಾಕ್ಟರ್ ಬದಲಾದಾಗ ಮೊದಲು ಕೇಳೋದು ಅದನ್ನೇ. ಕುಷ್ಟಗಿಯ ಆ ಅಕ್ಕನಿಗೆ ನಾವು ಎರಡನೇ ಸಲ ಚುಚ್ಚಲೇ ಇಲ್ಲ. ಡಾಕ್ಟರ್ ನಾಲ್ಕು ಪ್ರಶ್ನೆ ಕೇಳಿದರು, ನಾಲ್ಕಕ್ಕೂ "ಇಲ್ರಿ" ಬಂತು, ಮುಂದಿನ ತಿಂಗಳ ಎಆರ್‌ಟಿ ಡಬ್ಬಿಯ ಜೊತೆಗೇ ತಡೆ ಗುಳಿಗೆಯ ಡಬ್ಬಿಯೂ ಅವರ ಚೀಲ ಸೇರಿತು.